ಮನೆಮಂದಿಯನ್ನೆಲ್ಲ ಓದಿಕೊಂಡವನು

ನಾಯಿ ಇರುವ ಮನೆಯಲ್ಲಿ ಕೆಲವು ಮಾತುಗಳನ್ನು ಗಟ್ಟಿಯಾಗಿ ಆಡುವ ಹಾಗಿಲ್ಲ. ‘ವಾಕಿಂಗ್’ ಅವುಗಳಲ್ಲಿ ಮೊದಲನೆಯದು. ಶಿವಮೊಗ್ಗದ ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಿಂದಾದರೂ ಜಾರಿದರೆ ಹಿತ್ತಿಲಲ್ಲಿ ಮಲಗಿದ್ದ ಗುಂಡ ಮರುಗಳಿಗೆಯಲ್ಲಿ ಬಾಗಿಲಿಗೆ ಹಾಜರು, ಬಾಯಲ್ಲಿ ತನ್ನ ಬೆಲ್ಟು. ಅದಕ್ಕೇ ಅಮ್ಮ ‘ವಾಯುವಿಹಾರ’ ಅನ್ನತೊಡಗಿದಳು. ಕೆಲವು ದಿನ ಗುಟ್ಟು ಉಳಿಯಿತು, ಆಮೇಲೆ ಅದೂ ಅವನಿಗೆ ತಿಳಿದುಹೋಯಿತು. ಈಗ ಯಾರೂ ಏನೂ ಹೇಳುವುದಿಲ್ಲ. ಸಂಜೆ ಅಪ್ಪ ಗೋಡೆ ಗಡಿಯಾರದತ್ತ ಕಣ್ಣು ಹಾಯಿಸಿದರೆ ಸಾಕು, ಗುಂಡ ಎದ್ದು ಮೈಮುರಿಯುತ್ತಾನೆ.

ನಾಯಿಯ ಜೊತೆ ಬಾಳುವವರ ನಗೆಯ ಪ್ರಸಂಗಗಳೆಲ್ಲ ಹುಟ್ಟುವುದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ. ನಮಗೆ ದಿನವಿಡೀ ನೂರೆಂಟು ಕೆಲಸ. ನಾಯಿಗೆ ಇರುವುದು ಒಂದೇ, ನಮ್ಮನ್ನು ಗಮನಿಸುವುದು. ಆ ಕೆಲಸವನ್ನು ಅದು ಎಷ್ಟು ಶ್ರದ್ಧೆಯಿಂದ ಮಾಡುತ್ತದೆಂದರೆ, ಮನೆಯಲ್ಲಿ ಯಾರು ಗಟ್ಟಿ, ಯಾರು ಮೆದು, ಯಾರ ತಟ್ಟೆಯಿಂದ ಏನು ಸಿಗುತ್ತದೆ ಎಂಬುದು ನಮಗಿಂತ ಮೊದಲು ಅದಕ್ಕೆ ಗೊತ್ತಿರುತ್ತದೆ. ನಾನು ಹವಾಯಿ ಚಪ್ಪಲಿ ಮೆಟ್ಟಿದರೆ ಅಂಗಡಿಗೆ, ಅಂದರೆ ತಾನೂ ಬರಬಹುದು. ಹೆಲ್ಮೆಟ್ ತೆಗೆದರೆ ಆಫೀಸಿಗೆ, ಅಂದರೆ ಕೂತಲ್ಲೇ ಕೂತು ಮುಖ ತಿರುಗಿಸಬೇಕು. ಅಟ್ಟದಿಂದ ಸೂಟ್‌ಕೇಸ್ ಇಳಿಸಿದರಂತೂ ಅದರೊಳಗೆ ಬಟ್ಟೆ ಹೋಗುವ ಮುಂಚೆ ಗುಂಡನೇ ಹೋಗಿ ಕೂತಿರುತ್ತಾನೆ.

ಅವನು ಯಾವ ತಳಿ ಎಂದು ಕೇಳುವವರಿಗೆ ಅಪ್ಪನ ಉತ್ತರ ಸಿದ್ಧವಿದೆ: ‘ನಮ್ಮ ಬೀದಿಯದೇ ತಳಿ.’ ಈ ಅಪ್ಪನೇ ಮರಿ ಬಂದ ದಿನ ಕಟ್ಟುನಿಟ್ಟು ವಿಧಿಸಿದ್ದರು. ನಾಯಿ ಜಗುಲಿ ದಾಟಿ ಒಳಗೆ ಬರಕೂಡದು, ಬಂದರೂ ಅಡುಗೆಮನೆ, ದೇವರಮನೆ ಕಡೆ ಸುಳಿಯಕೂಡದು, ಸೋಫಾ ಅಂತೂ ಸುತರಾಂ ಇಲ್ಲ. ಮಲೆನಾಡಿನ ಮಳೆಗಾಲ ಮೊದಲನೇ ಷರತ್ತನ್ನು ಮುರಿಯಿತು. ಒಂದು ರಾತ್ರಿ ಎದ್ದು ಚಿಲಕ ತೆಗೆದವರು ಅಪ್ಪನೇ. ‘ಮಳೆ ನಿಲ್ಲೋ ತನಕ ಮಾತ್ರ ನೋಡು’ ಎಂದು ಅವನಿಗೇ ಹೇಳಿ ಗೋಣಿಚೀಲ ಹಾಸಿಕೊಟ್ಟರು. ಮಳೆ ನಿಂತಿತು, ಗೋಣಿಚೀಲ ಅಲ್ಲೇ ಉಳಿಯಿತು.

ಸೋಫಾದ ವಿಷಯದಲ್ಲಿ ಗುಂಡ ಅವಸರ ಮಾಡಲಿಲ್ಲ. ಮೊದಲು ಅದರ ಅಂಚಿಗೆ ಗದ್ದ ಊರಿದ. ಅಪ್ಪ ಪೇಪರಿನಿಂದ ತಲೆ ಎತ್ತಿ ನೋಡಿದಾಗ ಗೋಡೆಯ ಕಡೆ ದೃಷ್ಟಿ ಹೊರಳಿಸಿದ. ಪೇಪರಿನ ಪುಟ ತಿರುಗುವಷ್ಟರಲ್ಲಿ ಒಂದು ಮುಂಗಾಲು ಮೇಲೆ ಬಂತು. ಅಪ್ಪ ‘ಹ್ಞೂಂ?’ ಅಂದರು. ಕಾಲು ಇಳಿಯಲಿಲ್ಲ, ಸುಮ್ಮನೆ ಅಲ್ಲೇ ನಿಂತಿತು. ಎರಡನೆಯದು ಯಾವಾಗ ಬಂತೋ ಯಾರೂ ನೋಡಲಿಲ್ಲ. ಹಿಂಗಾಲುಗಳು ಮಾತ್ರ ಬಹಳ ದಿನ ನೆಲದ ಮೇಲೇ ಇದ್ದವು. ಅರ್ಧ ಮೈ ಸೋಫಾದಲ್ಲಿ, ಅರ್ಧ ಮೈ ಕೆಳಗೆ, ಹಾಗೇ ನಿದ್ದೆ ಹೋಗುತ್ತಿದ್ದ. ಇವತ್ತು ಸೋಫಾದ ತುಂಬ ಅವನು ಚಾಚಿಕೊಂಡಿರುತ್ತಾನೆ. ಅಪ್ಪ ಕಾಫಿ ಲೋಟ ಹಿಡಿದು ಬಂದು, ‘ಸ್ವಲ್ಪ ಜರುಗಪ್ಪಾ’ ಎನ್ನುತ್ತಾರೆ. ಮನಸ್ಸಿದ್ದರೆ ಜರುಗುತ್ತಾನೆ.

ಈ ಮನೆಯಲ್ಲಿ ನಾಯಿಗೆ ಅಪ್ಪಣೆ ಇಂಗ್ಲಿಷಿನಲ್ಲಿ, ಮುದ್ದು ಕನ್ನಡದಲ್ಲಿ. ಅಜ್ಜಿ ಕೂಡ ‘ಸಿಟ್ ಮಾಡೋ, ಸಿಟ್ ಮಾಡು’ ಎಂದು ಗದರುತ್ತಾಳೆ. ಅವನು ಕೂತ ಕೂಡಲೇ ‘ನನ್ನ ರಾಜ’ ಎಂದು ತಲೆ ಸವರುತ್ತಾಳೆ. ಅಮೆರಿಕದಲ್ಲಿ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿಗೆ 1,022 ಆಟಿಕೆಗಳ ಹೆಸರು ಗೊತ್ತಿತ್ತು. ಅದನ್ನು ಸಾಕಿ ಕಲಿಸಿದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಜಾನ್ ಪಿಲ್ಲಿ 2011ರಲ್ಲಿ ಆ ಪ್ರಯೋಗದ ವಿವರ ಪ್ರಕಟಿಸಿದರು. ಗುಂಡನ ಪದಕೋಶ ಅಷ್ಟು ದೊಡ್ಡದಲ್ಲ, ಆದರೆ ಅದರಲ್ಲಿ ಮೊಸರನ್ನ, ಬಿಸ್ಕತ್ತು, ಮೀನು ಮೂರೂ ಇವೆ.

ನಾಯಿ ಸಾಕಿದವರೆಲ್ಲರೂ ಹೇಳುವ ಒಂದು ಕತೆಯಿದೆ: ‘ತಪ್ಪು ಮಾಡಿದರೆ ಅದಕ್ಕೇ ಗೊತ್ತಾಗುತ್ತೆ, ಮುಖ ನೋಡಿದರೆ ತಿಳಿಯುತ್ತೆ.’ ನಾನೂ ಇದನ್ನು ನಂಬಿದ್ದೆ. ಗಣೇಶನ ಹಬ್ಬಕ್ಕೆ ಕರಿದಿಟ್ಟ ಚಕ್ಕುಲಿಯ ಡಬ್ಬಿ ಒಂದು ಮಧ್ಯಾಹ್ನ ಅಡುಗೆಮನೆಯ ನೆಲದಲ್ಲಿ ಬೋರಲು ಬಿದ್ದಿತ್ತು. ಅಮ್ಮ ಸೊಂಟಕ್ಕೆ ಕೈಯಿಟ್ಟು ‘ಯಾರೋ ಇದು ಮಾಡಿದ್ದು?’ ಎಂದಳು. ಗುಂಡನ ಕಿವಿ ತಲೆಗೆ ಅಂಟಿದವು. ಬಾಲ ಹೊಟ್ಟೆಯಡಿ ಸೇರಿತು. ಕಣ್ಣಂಚಿನ ಬಿಳಿ ಕಾಣುವ ಹಾಗೆ ಓರೆನೋಟ ಬೀರುತ್ತ, ನೆಲಕ್ಕೆ ಹೊಟ್ಟೆ ಸವರಿಕೊಂಡು ಮೇಜಿನಡಿ ಸರಿದ. ಇನ್ನೇನು ಸಾಕ್ಷಿ ಬೇಕು? ಅಷ್ಟರಲ್ಲಿ ಕೋಣೆಯೊಳಗಿಂದ ಅಕ್ಕನ ಮಗ ಬಂದ, ಕೈಯಲ್ಲಿ ಅರ್ಧ ಚಕ್ಕುಲಿ, ಅಂಗಿಯ ತುಂಬ ಪುಡಿ.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. 14 ನಾಯಿಗಳು, ಅವುಗಳ ಯಜಮಾನರು. ಒಂದು ತಿಂಡಿ ತೋರಿಸಿ ‘ಮುಟ್ಟಬೇಡ’ ಎಂದು ಹೇಳಿ ಯಜಮಾನರು ಆಚೆ ಹೋಗಬೇಕು. ಅವರಿಲ್ಲದಾಗ ಕೆಲವು ಸಲ ಪ್ರಯೋಗ ನಡೆಸುವವರೇ ನಾಯಿಗೆ ಆ ತಿಂಡಿ ಕೊಟ್ಟುಬಿಡುತ್ತಿದ್ದರು, ಕೆಲವು ಸಲ ತೆಗೆದಿಡುತ್ತಿದ್ದರು. ಯಜಮಾನರಿಗೆ ಹೇಳುತ್ತಿದ್ದದ್ದು ಎಲ್ಲ ಸಲವೂ ನಿಜವಲ್ಲ. ಕೊನೆಗೆ ಕಂಡದ್ದೇನೆಂದರೆ, ನಾವು ‘ತಪ್ಪಿತಸ್ಥನ ಮುಖ’ ಎನ್ನುವುದು ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ. ಯಜಮಾನರು ಬೈದರೆ ಆ ಮುಖ ಬರುತ್ತಿತ್ತು. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಅದು ಇನ್ನೂ ಹೆಚ್ಚಾಗಿ ಕಾಣಿಸಿತು. ಗುಂಡ ಓದಿದ್ದು ಚಕ್ಕುಲಿ ಡಬ್ಬಿಯನ್ನಲ್ಲ, ಅಮ್ಮನ ಹುಬ್ಬನ್ನು. ಚಪ್ಪಲಿ ಕಚ್ಚಿ ಎಷ್ಟೋ ಹೊತ್ತಾದ ಮೇಲೆ ಬೈಯುವುದರಿಂದ, ಹೊಡೆಯುವುದರಿಂದ ನಾಯಿ ಏನನ್ನೂ ಕಲಿಯುವುದಿಲ್ಲ, ಹೆದರುತ್ತದೆ ಅಷ್ಟೆ. ಹೆದರಿದ ಆ ಮುಖದ ವಿಡಿಯೊಗಳನ್ನು ಜನ ನಗುತ್ತ ಹಂಚಿಕೊಳ್ಳುವಾಗ ನನಗೆ ನಗು ಬರುವುದಿಲ್ಲ.

ನಮ್ಮ ಹುಬ್ಬನ್ನು ಓದುವವನಿಗೆ ತನ್ನ ಹುಬ್ಬನ್ನು ಬಳಸುವುದೂ ಗೊತ್ತು. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಜೂಲಿಯಾನೆ ಕಾಮಿನ್ಸ್ಕಿ ಮತ್ತು ಸಂಗಡಿಗರು ನಾಯಿ, ತೋಳಗಳ ಮುಖದ ಸ್ನಾಯುಗಳನ್ನು ಹೋಲಿಸಿ 2019ರಲ್ಲಿ ಒಂದು ಸಂಗತಿ ಹೇಳಿದರು. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದರ ಜಾಗದಲ್ಲಿ ನಾಲ್ಕಾರು ಎಳೆಗಳಷ್ಟೇ. ಹುಬ್ಬೆತ್ತಿದಾಗ ಕಣ್ಣು ದೊಡ್ಡದಾಗಿ, ಎಳೆಮಗುವಿನ ಮುಖದಂತೆ ಕಾಣುತ್ತದೆ. ಅಂಥ ಮುಖಕ್ಕೆ ಮನಸೋತ ಮನುಷ್ಯರು ಅಂಥವನ್ನೇ ಸಾಕುತ್ತ ಬಂದು ಈ ಸ್ನಾಯು ಉಳಿದು ಬೆಳೆಯಿತು ಎಂಬುದು ಅವರ ವಿವರಣೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಮ್ಮ ಮನೆಗೆ ಬಂದರೆ ಆ ಸ್ನಾಯು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದು. ಅಜ್ಜಿಯ ಪಕ್ಕದಲ್ಲಿ ಕೂತು ಮೊದಲು ಎಡ ಹುಬ್ಬು, ಆಮೇಲೆ ಬಲ ಹುಬ್ಬು. ಇಡ್ಲಿ ಚೂರು ಬೀಳುವವರೆಗೆ ಬೇಸರವಿಲ್ಲ.

ಇಡ್ಲಿಯಾದರೆ ಚಿಂತೆಯಿಲ್ಲ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿಯನ್ನು ಪ್ರೀತಿಯಿಂದ ಕೊಟ್ಟುಬಿಡುವವರಿದ್ದಾರೆ. ದ್ರಾಕ್ಷಿ, ಹಸಿಯಿರಲಿ ಒಣಗಿದ್ದಿರಲಿ, ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಈರುಳ್ಳಿ ರಕ್ತಕ್ಕೆ ಕೆಟ್ಟದ್ದು, ಚಾಕೊಲೇಟು ಹೃದಯಕ್ಕೆ. ಆ ಹುಬ್ಬಿಗೆ ಸೋಲಬಾರದ ಗಳಿಗೆ ಇದೊಂದೇ.

ಮಾತ್ರೆ ನುಂಗಿಸುವುದು ಬೇರೆಯೇ ಪ್ರಸಂಗ. ಹುಳದ ಮಾತ್ರೆಯನ್ನು ಅಮ್ಮ ಇಡ್ಲಿಯ ನಡುವೆ ಹುದುಗಿಸಿ ಕೊಡುತ್ತಾಳೆ. ಗುಂಡ ಅಗಿಯುತ್ತಾನೆ, ನುಂಗುತ್ತಾನೆ, ತುಟಿ ನೆಕ್ಕಿಕೊಳ್ಳುತ್ತಾನೆ. ಆಮೇಲೆ ನೋಡಿದರೆ ತಟ್ಟೆಯ ಅಂಚಿನಲ್ಲಿ ಮಾತ್ರೆ ತೊಳೆದಿಟ್ಟಷ್ಟು ಚೊಕ್ಕ. ಅವನ ಸ್ನಾನದ ದಿನ ಬಕೆಟ್ಟಿನ ಹಿಡಿಕೆ ಸದ್ದು ಮಾಡಿದರೆ ಅವನು ಮಂಚದಡಿಯ ಮೂಲೆ ಸೇರಿರುತ್ತಾನೆ. ನಾವು ಸ್ನಾನಕ್ಕೆ ಬಕೆಟ್ಟು ಎತ್ತಿದಾಗ ಕದಲುವುದಿಲ್ಲ. ವ್ಯತ್ಯಾಸ ಹೇಗೆ ತಿಳಿಯುತ್ತದೋ, ಮನೆಯಲ್ಲಿ ಯಾರಿಗೂ ಬಗೆಹರಿದಿಲ್ಲ.

ಬೀದಿಗಿಳಿದರೆ ನಮ್ಮ ಗುರುತೇ ಬದಲು. ಎದುರು ಸಾಲಿನ ಮಕ್ಕಳಿಗೆ ಅಪ್ಪನ ಹೆಸರು ಗೊತ್ತಿಲ್ಲ, ಅವರ ಪಾಲಿಗೆ ಅಪ್ಪ ‘ಗುಂಡನ ತಾತ’. ಆ ತಾತ ಮೂಲೆಯ ಕಂಬದ ಬಳಿ ತಾಳ್ಮೆಯಿಂದ ಕಾಯುತ್ತಾರೆ. ಗುಂಡ ಅಲ್ಲಿ ಸುತ್ತು ಹೊಡೆಯುತ್ತಾನೆ, ನಿಲ್ಲುತ್ತಾನೆ, ಮತ್ತೆ ಹೊಡೆಯುತ್ತಾನೆ. ಇದನ್ನೂ ಅಳೆದವರಿದ್ದಾರೆ. ಜರ್ಮನಿ, ಜೆಕ್ ದೇಶಗಳ ವಿಜ್ಞಾನಿಗಳು 70 ನಾಯಿಗಳನ್ನು ಎರಡು ವರ್ಷ ಹಿಂಬಾಲಿಸಿ, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ–ದಕ್ಷಿಣಕ್ಕೆ ಮೈಯಿಟ್ಟು ಮಲವಿಸರ್ಜನೆ ಮಾಡಲು ಇಷ್ಟಪಡುತ್ತವೆ ಎಂದು 2013ರಲ್ಲಿ ಬರೆದರು. ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಅವರಿಗೆ 2014ರಲ್ಲಿ ಬಂತು. ಇದನ್ನು ಕೇಳಿದ ಮೇಲೆ ಅಪ್ಪ ಕಂಬದ ಬಳಿ ಅವಸರಪಡಿಸುವುದನ್ನು ಬಿಟ್ಟಿದ್ದಾರೆ.

ನಾಯಿಗೆ ಹೀಗೆ ಮನಸೋಲುವುದು ಈಗಿನ ಕಾಲದ ಶೋಕಿ ಎನ್ನುವವರಿಗೆ ತೋರಿಸಲು ನಮ್ಮ ನಾಡಿನಲ್ಲೇ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಹತ್ತನೆಯ ಶತಮಾನದ ನಡುವಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಪರಾಕ್ರಮ ತೋರಿದ ಮಣಲೆರ ಎಂಬ ಯೋಧನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಮೆಚ್ಚಿ ಬೇಕಾದ್ದನ್ನು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ, ಅಂದರೆ ಪೂಜಾರಿ, ಉಣ್ಣಕೂಡದು ಎಂದೂ ಕೊರೆಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರಾಗಿ ಸೆಣಸುವ ಚಿತ್ರ ಇವತ್ತಿಗೂ ಸ್ಪಷ್ಟವಾಗಿದೆ.

ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿನೆದುರು ನಾನು ಈ ಕತೆ ಹೇಳಿದಾಗ ಅಪ್ಪ ತುಂಬ ಹೊತ್ತು ನಾಯಿಯ ಕೆತ್ತನೆಯನ್ನೇ ನೋಡುತ್ತಿದ್ದರು. ‘ಊರು ಕೇಳಬಹುದಿತ್ತು, ಆನೆ ಕುದುರೆ ಕೇಳಬಹುದಿತ್ತು’ ಎಂದೆ.

‘ಸರಿಯಾಗೇ ಕೇಳಿದಾನೆ’ ಎಂದು ಅಪ್ಪ ಮೊಬೈಲ್ ತೆಗೆದು ಮನೆಗೆ ಫೋನು ಹಚ್ಚಿದರು. ‘ಗುಂಡ ಊಟ ಮಾಡಿದ್ನಾ?’