ಅಂಕಿತ ಮತ್ತು ಲಾಂಛನ: ಇಂಡಿ ಬ್ಯಾಂಡುಗಳ ಗುರುತಿನ ಕಲೆ

ಪ್ರಸ್ತುತ ಲೇಖಕನ ತರಗತಿಗೆ ವಿದ್ಯಾರ್ಥಿಯೊಬ್ಬನು ಆಗಾಗ ಒಂದು ಕಪ್ಪು ಅಂಗಿಯನ್ನು ತೊಟ್ಟು ಬರುತ್ತಿದ್ದನು. ಅದರ ಎದೆಯ ಮೇಲೆ ಒಂದರ ಕೆಳಗೊಂದು ಜೋಡಿಸಿದ ಬಿಳಿಯ ಗೆರೆಗಳು. ಅಂಚುಗಳಲ್ಲಿ ಸಮತಟ್ಟಾಗಿ, ನಡುವೆ ಬೆಟ್ಟಸಾಲಿನಂತೆ ಎದ್ದು ನಿಂತ ಗೆರೆಗಳು. ಅದೇನೆಂದು ಕೇಳಿದಾಗ, "ಗೊತ್ತಿಲ್ಲ ಸರ್, ನೋಡಲು ಚೆನ್ನಾಗಿದೆ ಅಂತ ತೊಗೊಂಡೆ" ಎಂದನು. ಈ ಉತ್ತರವನ್ನು ಅಜ್ಞಾನವೆಂದು ಬದಿಗೆ ಸರಿಸುವುದು ಸುಲಭ. ಆದರೆ ಹಾಡನ್ನೇ ಕೇಳದವನ ಎದೆಯವರೆಗೆ ಹಾಡಿನ ಗುರುತು ತಲುಪಿದ್ದು ಹೇಗೆ ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ಸರಿಯುವಂಥದಲ್ಲ. ಸ್ವತಂತ್ರ ಸಂಗೀತವೃಂದಗಳು ಆಲ್ಬಮ್ಮಿನ ಮುಖಪುಟ, ಲಾಂಛನ, ಭಿತ್ತಿಪತ್ರ ಈ ಮೂರರಿಂದ ತಮ್ಮ ಗುರುತನ್ನು ಕಟ್ಟಿಕೊಂಡ ಬಗೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಭ್ಯಾಸಿಗೆ ಇಲ್ಲಿ ತನ್ನದೇ ಆದ ಒಂದು ಸಮಸ್ಯೆ ಎದುರಾಗುತ್ತದೆ. ಅದನ್ನು ಮುಂದೆ ಪ್ರಸ್ತಾಪಿಸಲಾಗುವುದು.

1

ಮೊದಲಿಗೆ ಪರಿಭಾಷೆ. 'ಇಂಡಿ' ಎಂಬುದು ವಿಜಯಪುರ ಜಿಲ್ಲೆಯ ಊರಿನ ಹೆಸರಲ್ಲ. 'ಇಂಡಿಪೆಂಡೆಂಟ್' ಎಂಬುದರ ಹ್ರಸ್ವರೂಪ. ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಆಶ್ರಯವಿಲ್ಲದೆ, ಸ್ವಂತ ಹಣದಿಂದ ಅಥವಾ ಸಣ್ಣ ಲೇಬಲ್ಲುಗಳ ನೆರವಿನಿಂದ ಧ್ವನಿಮುದ್ರಿಕೆ ಹೊರತರುವ ಬ್ಯಾಂಡುಗಳಿಗೆ ಈ ಹೆಸರು ಸಲ್ಲುತ್ತದೆ. ಬ್ರಿಟನ್ನಿನಲ್ಲಿ ಈ ಮಾರ್ಗಕ್ಕೆ ಚಾಲನೆ ಕೊಟ್ಟವುಗಳಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಬ್ಯಾಂಡು 1977ರ ಜನವರಿಯಲ್ಲಿ ತಾನೇ ಹೊರತಂದ 'ಸ್ಪೈರಲ್ ಸ್ಕ್ರಾಚ್' ಮುಖ್ಯವಾದುದು. ಅದರ ಮುಖಪುಟದಲ್ಲಿದ್ದುದು ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದ ಒಂದು ಸಾಧಾರಣ ಛಾಯಾಚಿತ್ರ. ಹಣವಿಲ್ಲದ್ದು ಅಲ್ಲಿ ಕೊರತೆಯಾಗಿ ಕಾಣಲಿಲ್ಲ. ಅದೇ ಒಂದು ಶೈಲಿಯಾಯಿತು.

ಇಂತಹ ಬ್ಯಾಂಡುಗಳಿಗೆ ಜಾಹೀರಾತಿಗೆ ಹಣವಿರಲಿಲ್ಲ. ರೇಡಿಯೋದಲ್ಲಿ ಅವಕಾಶ ವಿರಳ. ಅವುಗಳ ಪಾಲಿಗೆ ಉಳಿದ ಸ್ಥಳಗಳು ಎರಡೇ: ಅಂಗಡಿಯ ಕಪಾಟಿನಲ್ಲಿ ಸುಮಾರು 12 ಅಂಗುಲ ಚೌಕದ ರಟ್ಟಿನ ಹೊದಿಕೆ, ಮತ್ತು ಬೀದಿಯ ಗೋಡೆ. ಗ್ರಾಹಕನು ಹಾಡನ್ನು ಕೇಳುವ ಮೊದಲೇ ಹೊದಿಕೆಯನ್ನು ಕಾಣುತ್ತಿದ್ದನು. ಹೀಗಾಗಿ ಸರಕನ್ನು ರಕ್ಷಿಸಲು ಹುಟ್ಟಿದ ರಟ್ಟು ಸರಕಿನ ಪರವಾಗಿ ಮಾತನಾಡುವ ಹೊಣೆಯನ್ನೂ ಹೊತ್ತಿತು.

2

ವಿದ್ಯಾರ್ಥಿಯ ಅಂಗಿಯ ಮೇಲಿನ ಗೆರೆಗಳ ಚರಿತ್ರೆ ಈ ಮಾತಿಗೆ ಅತ್ಯುತ್ತಮ ನಿದರ್ಶನ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಅವರು ಮೊದಲ ಪಲ್ಸಾರ್ ನಕ್ಷತ್ರದ ಸಂಕೇತವನ್ನು ಗುರುತಿಸಿದರು. ಸಿಪಿ 1919 ಎಂದು ಕರೆಯಲಾದ ಈ ನಕ್ಷತ್ರ ಸುಮಾರು 1.33 ಸೆಕೆಂಡಿಗೊಮ್ಮೆ ರೇಡಿಯೋ ಮಿಡಿತವನ್ನು ಹೊರಡಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕ ಹೆರಾಲ್ಡ್ ಕ್ರಾಫ್ಟ್, ಅರೆಸಿಬೊ ದೂರದರ್ಶಕದ ದತ್ತಾಂಶದಿಂದ ಇಂತಹ 80 ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿ ಗಣಕಯಂತ್ರದಿಂದ ಚಿತ್ರಿಸಿ, 1970ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಸೇರಿಸಿದರು. ಆ ಚಿತ್ರ ಮುಂದೆ 1977ರ ಖಗೋಳ ವಿಶ್ವಕೋಶವೊಂದರಲ್ಲಿ ಅಚ್ಚಾಯಿತು. ಅಲ್ಲಿ ಅದು ಜಾಯ್ ಡಿವಿಷನ್ ಎಂಬ ಮ್ಯಾಂಚೆಸ್ಟರ್ ಪ್ರಾಂತದ ಬ್ಯಾಂಡಿನವರ ಕಣ್ಣಿಗೆ ಬಿತ್ತು. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಬಿಳಿಯ ಮೇಲಿನ ಕಪ್ಪು ಗೆರೆಗಳನ್ನು ಕಪ್ಪಿನ ಮೇಲಿನ ಬಿಳಿಯ ಗೆರೆಗಳಾಗಿ ತಿರುಗಿಸಿ, 1979ರ 'ಅನ್‌ನೋನ್ ಪ್ಲೆಷರ್ಸ್' ಆಲ್ಬಮ್ಮಿನ ಮುಂಬದಿಯಲ್ಲಿ ಇಟ್ಟರು. ಅಲ್ಲಿ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ.

ಹೆಸರನ್ನು ಅಡಗಿಸಿ ಗುರುತನ್ನು ಬೆಳೆಸುವ ಈ ಕ್ರಮ ವಾಣಿಜ್ಯದ ಸಾಮಾನ್ಯ ನಿಯಮಕ್ಕೆ ವಿರುದ್ಧವಾದುದು. ಆಲ್ಬಮ್ಮನ್ನು ಪ್ರಕಟಿಸಿದ ಫ್ಯಾಕ್ಟರಿ ರೆಕಾರ್ಡ್ಸ್ ಇದನ್ನೇ ತನ್ನ ನೀತಿಯಾಗಿಸಿತು. ಟೋನಿ ವಿಲ್ಸನ್ ಮತ್ತು ಅಲನ್ ಎರಾಸ್ಮಸ್ 1978ರಲ್ಲಿ ಕಟ್ಟಿದ ಈ ಲೇಬಲ್ ತಾನು ಹೊರತಂದ ಪ್ರತಿಯೊಂದಕ್ಕೂ ಶಾಸನ ಸಂಪುಟಗಳಲ್ಲಿರುವಂತೆ ಒಂದು ಕ್ರಮಸಂಖ್ಯೆ ನೀಡುತ್ತಿತ್ತು. ಗಮನಾರ್ಹವೆಂದರೆ 'ಫ್ಯಾಕ್ 1' ಧ್ವನಿಮುದ್ರಿಕೆಯಲ್ಲ, ಸ್ಯಾವಿಲ್ ರಚಿಸಿದ ಒಂದು ಭಿತ್ತಿಪತ್ರ. 1982ರಲ್ಲಿ ತೆರೆದ ಹಾಸಿಯೆಂಡಾ ಎಂಬ ನೃತ್ಯಶಾಲೆ 51ನೆಯದು. ಅಲ್ಲಿನ ಬೆಕ್ಕಿಗೂ ಒಂದು ಸಂಖ್ಯೆಯಿತ್ತು. ಲೇಬಲ್ 1992ರಲ್ಲಿ ದಿವಾಳಿಯಾಯಿತು. ಆದರೂ 2007ರಲ್ಲಿ ನಿಧನರಾದ ವಿಲ್ಸನ್ ಅವರ ಶವಪೆಟ್ಟಿಗೆಗೆ 501 ಎಂಬ ಸಂಖ್ಯೆ ಸಂದಿತು. ಧಾರವಾಡದ ಮನೋಹರ ಗ್ರಂಥಮಾಲೆಯಂತಹ ಮಾಲೆಯ ಚಂದಾದಾರರಾಗಿದ್ದ ಹಿರಿಯರಿಗೆ ಇದರ ಮನೋಧರ್ಮ ಪರಿಚಿತ: ಲೇಖಕನು ಯಾರೇ ಇರಲಿ, ಮಾಲೆಯ ಮೇಲಿನ ವಿಶ್ವಾಸದಿಂದ ಪುಸ್ತಕ ಮನೆಗೆ ಬರುತ್ತಿತ್ತು.

1980ರಲ್ಲಿ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡ ಮೇಲೆ ಉಳಿದ ಸದಸ್ಯರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಮುಂದುವರಿದರು. 1983ರ ಅವರ 'ಬ್ಲೂ ಮಂಡೇ' ಹೊದಿಕೆಯನ್ನು ಸ್ಯಾವಿಲ್ ಗಣಕಯಂತ್ರದ ಫ್ಲಾಪಿ ತಟ್ಟೆಯ ರೂಪದಲ್ಲಿ, ರಂಧ್ರಗಳನ್ನು ಕತ್ತರಿಸಿ ರೂಪಿಸಿದರು. ಅದರ ಮೇಲೆ ಅಕ್ಷರಗಳಿಗೆ ಬದಲಾಗಿ ಬಣ್ಣದ ಪಟ್ಟಿಗಳಿದ್ದವು. ಆ ಬಣ್ಣಗಳನ್ನು ಓದುವ ಕೀಲಿಯನ್ನು ಅದೇ ವರ್ಷದ 'ಪವರ್, ಕರಪ್ಷನ್ ಅಂಡ್ ಲೈಸ್' ಆಲ್ಬಮ್ಮಿನ ಹಿಂಬದಿಯಲ್ಲಿ ಕೊಡಲಾಗಿತ್ತು. ಬೆಡಗಿನ ವಚನದಂತೆ, ಕೀಲಿ ಬಲ್ಲವನಿಗೆ ಮಾತ್ರ ಅರ್ಥ ತೆರೆಯುತ್ತದೆ. ಬಲ್ಲವನು ತಾನೂ ಬಳಗದವನೆಂಬ ಭಾವವನ್ನು ತಳೆಯುತ್ತಾನೆ.

3

ಅಟ್ಲಾಂಟಿಕ್ ಸಾಗರದ ಆಚೆ, ಕ್ಯಾಲಿಫೋರ್ನಿಯಾದಲ್ಲಿ, ಇದೇ ಕಾಲಕ್ಕೆ ಬೇರೊಂದು ಮಾರ್ಗ ರೂಪುಗೊಂಡಿತು. ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿನ ಗಿಟಾರ್ ವಾದಕ ಗ್ರೆಗ್ ಗಿನ್ ಅವರ ಸೋದರ, ಚಿತ್ರಕಾರ ರೇಮಂಡ್ ಪೆಟ್ಟಿಬೋನ್, ಬ್ಯಾಂಡಿಗೆ ಹೆಸರನ್ನೂ ಲಾಂಛನವನ್ನೂ ಕೊಟ್ಟರು. ಆ ಲಾಂಛನ ಮೇಲುಕೆಳಗಾಗಿ ನಿಂತ ನಾಲ್ಕು ಕಪ್ಪು ಪಟ್ಟಿಗಳು ಮಾತ್ರ. ಗಾಳಿಗೆ ಅಲುಗುವ ಕಪ್ಪು ಬಾವುಟದ ಸಂಕ್ಷೇಪ. ಬಿಳಿಯ ಬಾವುಟ ಶರಣಾಗತಿಯಾದರೆ ಕಪ್ಪು ಬಾವುಟ ಅದರ ನಿರಾಕರಣೆ. ಈ ಪಟ್ಟಿಗಳನ್ನು ಬರೆಯಲು ಚಿತ್ರಕಲೆಯ ಅಭ್ಯಾಸ ಬೇಡ. ಬಣ್ಣದ ಡಬ್ಬಿ ಹಿಡಿದ ಯಾವ ಹುಡುಗನಾದರೂ ಗೋಡೆಯ ಮೇಲೆ ಕ್ಷಣಾರ್ಧದಲ್ಲಿ ಎಳೆಯಬಲ್ಲ. ಲಾಸ್ ಏಂಜಲೀಸಿನ ಗೋಡೆಗಳ ಮೇಲೆ ಹಾಗೆಯೇ ಎಳೆಯಲಾಯಿತು. ಪೆಟ್ಟಿಬೋನ್ ಅವರ ಶಾಯಿಯ ರೇಖಾಚಿತ್ರಗಳುಳ್ಳ ಕರಪತ್ರಗಳು ಜೆರಾಕ್ಸ್ ಆಗಿ ಕಂಬಗಳ ಮೇಲೆ ಅಂಟಿದವು. ಕಚೇರಿ ಮುಗಿದ ಮರುದಿನ ಕಸವಾಗುತ್ತಿದ್ದ ಆ ಹಾಳೆಗಳನ್ನು ಮುಂದೆ ಸಂಗ್ರಾಹಕರು ಅರಸತೊಡಗಿದರು. ಅವುಗಳ ಕರ್ತೃವಿನ ಚಿತ್ರಗಳು ವಸ್ತುಸಂಗ್ರಹಾಲಯಗಳನ್ನು ಸೇರಿದವು.

ಸ್ಯಾವಿಲ್ ಅವರ ಮಾರ್ಗ ಗೂಢತೆಯದು. ಪೆಟ್ಟಿಬೋನ್ ಅವರದು ಸುಲಭಾನುಕರಣದ್ದು. ಎರಡರ ಫಲವೂ ಒಂದೇ: ಗುರುತು ಬ್ಯಾಂಡಿನ ಕೈಯಿಂದ ಕೇಳುಗರ ಕೈಗೆ ದಾಟಿತು. ದೊಡ್ಡ ಕಂಪನಿಯ ಮುದ್ರೆ ಒಡೆತನವನ್ನು ಸಾರಿದರೆ, ಇಂಡಿ ಬ್ಯಾಂಡಿನ ಮುದ್ರೆ ಸದಸ್ಯತ್ವವನ್ನು ಸಾರಿತು.

4

ಇಲ್ಲಿ ಅಂಕಿತದ ನೆನಪು ಬರುವುದು ಸಹಜ. 'ಕೂಡಲಸಂಗಮದೇವ' ಎಂಬುದು ಬಸವಣ್ಣನವರ ಹೆಸರಲ್ಲ, 'ಚೆನ್ನಮಲ್ಲಿಕಾರ್ಜುನ' ಅಕ್ಕನ ಹೆಸರಲ್ಲ. ಆದರೂ ಆ ಮಾತು ಕಿವಿಗೆ ಬಿದ್ದೊಡನೆ ವಚನಕಾರರು ಯಾರೆಂಬುದು ತಿಳಿಯುತ್ತದೆ. ಹೆಸರನ್ನು ಮರೆಮಾಡಿ ಗುರುತನ್ನು ಕಾಯುವ ಗುಣ ಎರಡರಲ್ಲೂ ಇದೆ. ಆದರೆ ಸಾದೃಶ್ಯವನ್ನು ಇಲ್ಲಿಗೇ ನಿಲ್ಲಿಸಬೇಕು. ಅಂಕಿತವು ತಾನು ಒಪ್ಪಿಸಿಕೊಂಡ ದೈವದ ಹೆಸರು, ಮಾರಾಟದ ಗುರುತಲ್ಲ. ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ: ಅಂಕಿತ ಪಠ್ಯದೊಳಗೆ ನೆಯ್ದುಕೊಂಡಿರುತ್ತದೆ, ಲಾಂಛನ ಹೊದಿಕೆಯ ಮೇಲೆ ಅಂಟಿಕೊಂಡಿರುತ್ತದೆ. ವಚನವನ್ನು ಓಲೆಯಿಂದ ಕಾಗದಕ್ಕೆ, ಕಾಗದದಿಂದ ಕಂಠಕ್ಕೆ ಒಯ್ದರೂ ಅಂಕಿತ ಜೊತೆಯಲ್ಲೇ ಸಾಗುತ್ತದೆ. ಹೊದಿಕೆಯನ್ನು ಕಳಚಿದರೆ ಹಾಡಿಗೆ ಲಾಂಛನವಿಲ್ಲ. ಹಾಡನ್ನು ಬಿಟ್ಟರೆ ಲಾಂಛನಕ್ಕೆ ಮೂಲವಿಲ್ಲ.

ಈ ಬೇರ್ಪಡೆ ಈಗಾಗಲೇ ನಡೆದಿದೆ. 2012ರಲ್ಲಿ ಡಿಸ್ನಿ ಸಂಸ್ಥೆ 'ಅನ್‌ನೋನ್ ಪ್ಲೆಷರ್ಸ್' ಗೆರೆಗಳನ್ನು ಮಿಕಿ ಮೌಸ್ ಆಕಾರಕ್ಕೆ ಬಗ್ಗಿಸಿದ ಅಂಗಿಯನ್ನು ಮಾರಾಟಕ್ಕಿಟ್ಟು, ವಿಷಯ ಸುದ್ದಿಯಾದ ಬಳಿಕ ಹಿಂತೆಗೆದುಕೊಂಡಿತು. ಆ ಗೆರೆಗಳನ್ನು ಮೊದಲು ಎಳೆದ ಕ್ರಾಫ್ಟ್ ಅವರ ಹೆಸರು ಬಹುಕಾಲ ಯಾರ ನಾಲಗೆಯ ಮೇಲೂ ಇರಲಿಲ್ಲ. 2015ರಲ್ಲಿ ವಿಜ್ಞಾನಪತ್ರಿಕೆಯೊಂದರ ಸಂಪಾದಕಿ ಹಳೆಯ ಪ್ರಬಂಧವನ್ನು ಹುಡುಕಿ ತೆಗೆದ ಮೇಲೆಯೇ ಅದು ಜನರಿಗೆ ತಿಳಿದದ್ದು. ಇದು ನಮಗೆ ಹೊಸ ಸಮಸ್ಯೆಯಲ್ಲ. ಬಸವಣ್ಣನವರ ಅಂಕಿತದಲ್ಲಿ ಪ್ರಕ್ಷಿಪ್ತ ವಚನಗಳೂ ಸೇರಿಕೊಂಡಿವೆ; ಅಂಕಿತವಿದ್ದ ಮಾತ್ರಕ್ಕೆ ಕರ್ತೃತ್ವ ಸಿದ್ಧವಾಗದೆಂಬ ಪಾಠವನ್ನು ವಚನಗಳ ಗ್ರಂಥಸಂಪಾದನೆ ನಮಗೆ ಕಲಿಸಿದೆ. ಗುರುತು ಜನಪ್ರಿಯವಾದಷ್ಟೂ ಅದರ ಮೂಲವನ್ನು ಶೋಧಿಸುವ ಅಗತ್ಯ ಹೆಚ್ಚುತ್ತದೆ.

ಎರಡು ಬಗೆಯ ಗುರುತುಗಳೂ ಒಂದೇ ಕಡೆ ಕೂಡುವ ಉದಾಹರಣೆ ಕನ್ನಡದಲ್ಲಿಯೇ ಇದೆ. ಬೆಂಗಳೂರಿನ ರಘು ದೀಕ್ಷಿತ್ ಪ್ರಾಜೆಕ್ಟ್ 2008ರ ತನ್ನ ಮೊದಲ ಆಲ್ಬಮ್ಮಿನಿಂದಲೇ ಶಿಶುನಾಳ ಷರೀಫರ ಪದಗಳನ್ನು ಹಾಡುತ್ತ ಬಂದಿದೆ. ಬಣ್ಣದ ಲುಂಗಿ, ಕಾಲಿನ ಗೆಜ್ಜೆ ಆ ಬ್ಯಾಂಡಿನ ಹೊರಗುರುತು. 'ಶಿಶುನಾಳಾಧೀಶ' ಎಂಬುದು ಪದದ ಒಳಗುರುತು. ಲುಂಗಿ ವೇದಿಕೆಯಲ್ಲೇ ಉಳಿಯುತ್ತದೆ. ಕೊನೆಯ ಚರಣದವರೆಗೂ ಹಾಡಿದಲ್ಲಿ, ಕತ್ತಲೆಯಲ್ಲಿ ಕುಳಿತು ಕೇಳುವವನಿಗೂ ಷರೀಫರು ಯಾರೆಂಬುದು ಗೊತ್ತಾಗುತ್ತದೆ.

5

ಇಂದು ಹಾಡುಗಳು ಮೊಬೈಲ್ ಪರದೆಯ ಮೂಲಕ ಬರುತ್ತಿವೆ. 12 ಅಂಗುಲದ ಚೌಕ ಹೆಬ್ಬೆರಳ ಉಗುರಿನಷ್ಟಾಗಿದೆ. ವಿನ್ಯಾಸಕಾರ, ಛಾಯಾಗ್ರಾಹಕ, ಮುದ್ರಕ ಇವರ ಹೆಸರುಗಳಿದ್ದ ಹಿಂಬದಿಯಂತೂ ಪರದೆಯಲ್ಲಿ ಕಾಣುವುದೇ ಇಲ್ಲ. ಕನ್ನಡದ ಮಟ್ಟಿಗೆ ಈ ನಷ್ಟ ಕ್ಯಾಸೆಟ್ಟಿನ ಕಾಲದಿಂದಲೇ ಆರಂಭವಾಗಿದೆ. 1978ರ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟೆಂದು ಖ್ಯಾತವಾಗಿದೆ. ಅದರ ಹಾಡುಗಳು ಇಂದಿಗೂ ಸುಲಭವಾಗಿ ಕೇಳಸಿಗುತ್ತವೆ. ಆ ಬಳಿಕ ಬಂದ ನೂರಾರು ಕ್ಯಾಸೆಟ್ಟುಗಳ ಒಳಗಿನ ಮಡಿಕೆ ಹಾಳೆಗಳನ್ನು ಕೂಡಿಟ್ಟವರು ವಿರಳ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿರುವ ಸಂಶೋಧಕ ಮಿತ್ರರಲ್ಲಿ ಆದಕಾರಣ ಒಂದು ವಿನಂತಿ. ತಮ್ಮ ಊರಿನ ಕನ್ನಡ ಸಂಘಗಳ ಸಂಗೀತ ಕಾರ್ಯಕ್ರಮಗಳ ಭಿತ್ತಿಪತ್ರ, ಕರಪತ್ರ, ಕ್ಯಾಸೆಟ್ ಹಾಳೆಗಳು ಕೈಗೆ ಬಂದರೆ ಅವನ್ನು ರದ್ದಿಗೆ ಹಾಕದಿರಲಿ. ಅಳತೆ, ಮುದ್ರಣದ ವಿಧಾನ, ಚಿತ್ರದ ಮೂಲ, ರಚಿಸಿದವರ ಹೆಸರು, ಸಿಕ್ಕ ಸ್ಥಳ, ತಾರೀಖು ಈ ಆರು ವಿವರಗಳನ್ನು ಬರೆದಿಟ್ಟರೆ ಸಾಕು. ಕ್ರಾಫ್ಟ್ ಅವರಿಗಾಗಿ 45 ವರ್ಷ ಕಾಯಬೇಕಾದಂತೆ ನಮ್ಮ ಕಲಾವಿದರಿಗಾಗಿ ಕಾಯಬೇಕಾಗಿ ಬರುವುದಿಲ್ಲ.

ಮೇಲೆ ಹೇಳಿದ ವಿದ್ಯಾರ್ಥಿಗೆ ನಕ್ಷತ್ರದ ಕಥೆಯನ್ನು ತಿಳಿಸಿದಾಗ ಅವನು ಆಶ್ಚರ್ಯಪಟ್ಟನು. ಮುಂದಿನ ವಾರ ಆಲ್ಬಮ್ಮನ್ನು ಪೂರ್ತಿ ಕೇಳಿ ಬಂದು, ಹಾಡುಗಳು ತನಗೆ ಅಷ್ಟಾಗಿ ಹಿಡಿಸಲಿಲ್ಲವೆಂದೂ, ಅಂಗಿಯನ್ನು ಮಾತ್ರ ಬಿಡುವುದಿಲ್ಲವೆಂದೂ ಹೇಳಿದನು. ಅದು ಅವನ ಇಚ್ಛೆ. ಆದರೆ ಈಗ ಯಾರಾದರೂ ಕೇಳಿದರೆ ಆ ಗೆರೆಗಳು ಎಲ್ಲಿಂದ ಬಂದವೆಂದು ಹೇಳಬಲ್ಲನು.