ಗೊಬ್ಬರ ಹಾಕದ ಹೊಲವೆಲ್ಲ ಸಾವಯವವಲ್ಲ

ತುಮಕೂರು, ಕೋಲಾರದ ಕಡೆ ಹಳೆಯ ಕ್ರಮದಲ್ಲಿ ಬಿತ್ತಿದ ರಾಗಿ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲು ಇರುತ್ತದೆ. ಅವರೆ, ಅಲಸಂದೆ, ಹುಚ್ಚೆಳ್ಳು, ಜೋಳ, ತೊಗರಿ, ಅಂಚಿನಲ್ಲಿ ಹರಳು. ಇದಕ್ಕಿಂತ ಅಪ್ಪಟ ನಮ್ಮ ಹೊಲ ಬೇರೆ ಇರಲಾರದು ಅನ್ನಿಸುತ್ತದೆ. ಆದರೆ ತೊಗರಿಯೊಂದನ್ನು ಬಿಟ್ಟರೆ ಇವೆಲ್ಲದರ ತವರು ಆಫ್ರಿಕಾ. ರಾಗಿ ಇಥಿಯೋಪಿಯಾ, ಉಗಾಂಡಾಗಳ ಎತ್ತರದ ಸೀಮೆಯದು. ಜೋಳವನ್ನು ಮೊದಲು ಬೆಳೆಯಾಗಿ ಪಳಗಿಸಿದ್ದು ಸುಡಾನಿನ ಪೂರ್ವಭಾಗದಲ್ಲಿ, ಸುಮಾರು ಐದು ಸಾವಿರ ವರ್ಷಗಳ ಹಿಂದೆ. ಹುಚ್ಚೆಳ್ಳು ಇಥಿಯೋಪಿಯಾದ್ದು. ಉತ್ತರ ಕರ್ನಾಟಕದ ಸಜ್ಜೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಿಂದ ಬಂದದ್ದು. ಸಾರಿಗೆ ಹಿಂಡುವ ಹುಣಸೆಯೂ ಆ ಖಂಡದ ಮರವೇ.

ಹಾಗಾಗಿ ಆಫ್ರಿಕಾದ ಸಣ್ಣ ರೈತರ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ನನಗೆ ದೂರದೇಶದ ಸುದ್ದಿ ಅನ್ನಿಸುವುದಿಲ್ಲ. ನಮ್ಮ ತಟ್ಟೆಗೆ ಊಟ ಕೊಟ್ಟವರ ಸುದ್ದಿ ಅದು. ಅವರ ಬಗ್ಗೆ ಕೇಳಿಬರುವ ಮಾತು ಎರಡು ತೆರನಾಗಿದೆ. ಅವರಿಗೆ ಬೇಸಾಯವೇ ಗೊತ್ತಿಲ್ಲ ಎನ್ನುವವರು ಕೆಲವರು. ಅವರೇ ಭಾಗ್ಯವಂತರು, ರಾಸಾಯನಿಕ ಸೋಕದ ನೆಲ ಅವರದು ಎನ್ನುವವರು ಹಲವರು. ಮೊದಲನೆಯದು ತಪ್ಪೆಂದು ಬೇಗ ಗೊತ್ತಾಗುತ್ತದೆ. ಎರಡನೆಯದು ಹೊಗಳಿಕೆಯಂತೆ ಕೇಳಿಸುವುದರಿಂದ ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

“ಆಫ್ರಿಕಾದ ರೈತರು ಹುಟ್ಟಾ ಸಾವಯವ ಕೃಷಿಕರು”

ಸಹಾರಾದಿಂದ ಕೆಳಗಿನ ದೇಶಗಳಲ್ಲಿ ಹೆಕ್ಟೇರಿಗೆ ಸರಾಸರಿ 20 ಕೆಜಿ ಆಸುಪಾಸಿನಲ್ಲಿ ರಾಸಾಯನಿಕ ಪೋಷಕಾಂಶ ಬಳಕೆಯಾಗುತ್ತದೆ. ಭಾರತದಲ್ಲಿ ಅದು 100 ಕೆಜಿಗೂ ಹೆಚ್ಚು. 2006ರಲ್ಲಿ ನೈಜೀರಿಯಾದ ಅಬುಜಾದಲ್ಲಿ ಸೇರಿದ ಆಫ್ರಿಕಾ ನಾಯಕರು 2015ರೊಳಗೆ ಇದನ್ನು 50 ಕೆಜಿಗೆ ಏರಿಸುವ ಘೋಷಣೆ ಮಾಡಿದರು. ಅದು ಈಡೇರಲಿಲ್ಲ. ಈ ಅಂಕಿ ನೋಡಿ ಕೆಲವರು ಖುಷಿಪಡುತ್ತಾರೆ. ಖುಷಿಪಡುವ ಮೊದಲು ಹೊಲದ ಲೆಕ್ಕ ನೋಡಬೇಕು.

ಒಂದು ಹೆಕ್ಟೇರಿನಲ್ಲಿ ಮೂರು ಟನ್ ಮೆಕ್ಕೆಜೋಳ ಬೆಳೆದರೆ, ಕಾಳಿನ ಜೊತೆಗೇ 40ರಿಂದ 45 ಕೆಜಿ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ದಂಟನ್ನು ದನಕ್ಕೋ ಒಲೆಗೋ ಒಯ್ದರೆ ಇನ್ನಷ್ಟು. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಿಗುವ ಸಾರಜನಕ ಐದು ಕೆಜಿ ಸುಮಾರು. ಅದೂ ಅಷ್ಟೂ ಮೊದಲ ವರ್ಷವೇ ಬೆಳೆಗೆ ದಕ್ಕುವುದಿಲ್ಲ. ಅಂದರೆ ಹೋದದ್ದನ್ನು ತುಂಬಲು ಎಂಟು ಹತ್ತು ಟನ್ ಗೊಬ್ಬರ ಬೇಕು. ಒಂದೂವರೆ ಎಕರೆ ನೆಲ, ಒಂದೆರಡು ಹಸು, ಕೆಲವರಿಗೆ ಹಸುವೇ ಇಲ್ಲ ಎಂಬಂಥ ಮನೆಗೆ ಅಷ್ಟು ಗೊಬ್ಬರ ಎಲ್ಲಿಂದ ಬರಬೇಕು? ಜಮಾ ಇಲ್ಲದೆ ಖರ್ಚು ಮಾಡುತ್ತ ಹೋದ ಖಾತೆಯ ಸ್ಥಿತಿ ಆ ಮಣ್ಣಿನದು. ಹಿಂದೆ ಹತ್ತು ಹದಿನೈದು ವರ್ಷ ನೆಲವನ್ನು ಬೀಳು ಬಿಟ್ಟು ಪೊದೆ ಬೆಳೆಯಲು ಬಿಡುತ್ತಿದ್ದರು. ಹಿಡುವಳಿ ತುಂಡಾಗುತ್ತ ಬಂದಂತೆ ಆ ಬಿಡುವೂ ಹೋಯಿತು.

ಈ ಹೊಲವನ್ನು ಸಾವಯವ ಎಂದು ಕರೆಯುವುದು ಆ ಪದಕ್ಕೂ ಆ ರೈತನಿಗೂ ಮಾಡುವ ಅನ್ಯಾಯ. ಸಾವಯವ ಬೇಸಾಯ ಅಂದರೆ ಬರೀ ಏನನ್ನೂ ಹಾಕದೆ ಇರುವುದಲ್ಲ. ಕಾಂಪೋಸ್ಟ್, ದ್ವಿದಳ, ಹಸಿರೆಲೆ, ಹೊದಿಕೆ, ಬೆಳೆ ಪರಿವರ್ತನೆ ಹೀಗೆ ಬೇಕಾದಷ್ಟನ್ನು ದುಡಿದು ಹಾಕುವ ಕ್ರಮ ಅದು. ಹಾಕಲು ದುಡ್ಡಿಲ್ಲದ್ದಕ್ಕೆ ಬಿಟ್ಟದ್ದು ಬಡತನ. ಇನ್ನು ರಾಸಾಯನಿಕವೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹತ್ತಿ, ಟೊಮೆಟೊ ಬೆಳೆಯುವ ಕಡೆ ಕೈಗವಸು, ಮುಖಗವಸು ಇಲ್ಲದೆ ಕೀಟನಾಶಕ ಸಿಂಪಡಿಸುವ ರೈತರು ಅಲ್ಲಿಯೂ ಇದ್ದಾರೆ.

“ಸಾವಯವದಲ್ಲಿ ಇಳುವರಿ ಬರುವುದಿಲ್ಲ”

ಕೆನ್ಯಾದ ಚುಕಾ ಮತ್ತು ಥಿಕಾ ಎಂಬಲ್ಲಿ 2007ರಿಂದ ಒಂದು ದೀರ್ಘಾವಧಿ ಪ್ರಯೋಗ ನಡೆದಿದೆ. ಸ್ವಿಟ್ಜರ್ಲೆಂಡಿನ ಫಿಬ್ಲ್ ಸಂಸ್ಥೆ ಸ್ಥಳೀಯರೊಂದಿಗೆ ಸೇರಿ ನಡೆಸುತ್ತಿರುವುದು. ಅಕ್ಕಪಕ್ಕದ ತಾಕುಗಳಲ್ಲಿ ಸಾವಯವ ಮತ್ತು ರಾಸಾಯನಿಕ ಪದ್ಧತಿ. ಸಾಕಷ್ಟು ಕಾಂಪೋಸ್ಟ್ ಹಾಕಿ ನೀರು ಕೊಟ್ಟ ಸಾವಯವ ತಾಕಿನಲ್ಲಿ ಮೆಕ್ಕೆಜೋಳದ ಇಳುವರಿ ರಾಸಾಯನಿಕದ ತಾಕಿಗೆ ಸರಿಸಮವಾಗಿ ಬಂತು. ಆಲೂಗಡ್ಡೆಯಲ್ಲಿ ಮಾತ್ರ ಸಾವಯವ ಹಿಂದೆ ಬಿತ್ತು. ಎರಡನ್ನೂ ಒಟ್ಟಿಗೆ ಹೇಳಬೇಕು; ಒಂದನ್ನಷ್ಟೇ ಹೇಳುವವರು ಎರಡೂ ಕಡೆ ಇದ್ದಾರೆ.

ಇದಕ್ಕಿಂತ ನನ್ನನ್ನು ಹೆಚ್ಚು ಹಿಡಿದಿಟ್ಟ ಉದಾಹರಣೆ ವಿಕ್ಟೋರಿಯಾ ಸರೋವರದ ದಡದ ಎಂಬಿಟಾದ್ದು. ಪಶ್ಚಿಮ ಕೆನ್ಯಾದ ಮೆಕ್ಕೆಜೋಳಕ್ಕೆ ಇಬ್ಬರು ಶತ್ರುಗಳು. ಒಂದು ಕಾಂಡ ಕೊರಕ. ಇನ್ನೊಂದು ಸ್ಟ್ರೈಗಾ ಎಂಬ ಪರಾವಲಂಬಿ ಕಳೆ. ಸ್ಟ್ರೈಗಾ ನೋಡಲು ಚೆಂದ, ನಸುನೇರಳೆ ಹೂವು. ಅದು ನೆಲದ ಮೇಲೆ ತಲೆ ಎತ್ತುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ: ಮೆಕ್ಕೆಜೋಳದ ಬೇರಿಗೆ ಅಂಟಿಕೊಂಡು ಸಾರ ಹೀರಿರುತ್ತದೆ, ಗಿಡ ಮೊಣಕಾಲೆತ್ತರಕ್ಕೇ ಹಳದಿಯಾಗಿ ನಿಂತಿರುತ್ತದೆ. ಒಂದೊಂದು ಕಳೆಗಿಡವೂ ಧೂಳಿನಷ್ಟು ಸಣ್ಣ ಬೀಜಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ಉದುರಿಸುತ್ತದೆ. ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದುಕೊಂಡಿರುತ್ತವೆ. ಕಿತ್ತು ಮುಗಿಸುವ ಮಾತೇ ಇಲ್ಲ.

ನೈರೋಬಿಯ ಕೀಟವಿಜ್ಞಾನ ಕೇಂದ್ರ ಐಸಿಪೆಯಲ್ಲಿ ಭಾರತ ಮೂಲದ ವಿಜ್ಞಾನಿ ಜಿಯಾವುರ್ ಖಾನ್, ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನವರ ಜೊತೆ ಸೇರಿ 1990ರ ದಶಕದಲ್ಲಿ ಒಂದು ಉಪಾಯ ಹುಡುಕಿದರು. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವು, ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂನ ವಾಸನೆಗೆ ಕಾಂಡ ಕೊರಕದ ಪತಂಗ ದೂರ ಸರಿಯುತ್ತದೆ. ನೇಪಿಯರ್ ಅದನ್ನು ಸೆಳೆಯುತ್ತದೆ. ಅಲ್ಲಿ ಮೊಟ್ಟೆಯಿಟ್ಟರೆ ಮರಿಹುಳುಗಳಲ್ಲಿ ಹೆಚ್ಚಿನವು ಹುಲ್ಲಿನ ಅಂಟಿಗೆ ಸಿಕ್ಕಿ ಸಾಯುತ್ತವೆ. ಡೆಸ್ಮೋಡಿಯಂ ಸ್ಟ್ರೈಗಾವನ್ನೂ ಹತ್ತಿಕ್ಕುತ್ತದೆ ಎಂಬುದು ಅವರು ನಿರೀಕ್ಷಿಸದೆ ಸಿಕ್ಕ ಲಾಭ. ಅದರ ಬೇರು ಸ್ರವಿಸುವ ರಸಕ್ಕೆ ಕಳೆಬೀಜ ಮೊಳೆಯುತ್ತದೆ, ಆದರೆ ಅದೇ ರಸ ಮೊಳಕೆಯ ಬೇರನ್ನು ಬೆಳೆಯಗೊಡದ ಕಾರಣ ಮೆಕ್ಕೆಜೋಳಕ್ಕೆ ಅಂಟಿಕೊಳ್ಳಲಾರದೆ ಸಾಯುತ್ತದೆ. ವರ್ಷ ವರ್ಷವೂ ಮಣ್ಣಿನ ಬೀಜಸಂಗ್ರಹ ತಗ್ಗುತ್ತ ಹೋಗುತ್ತದೆ. ಮೇಲಿಂದ ಸಾರಜನಕ, ಹಸುವಿಗೆ ಮೇವು, ಮೇವಿನಿಂದ ಹಾಲು ಮತ್ತು ಗೊಬ್ಬರ. ಹೆಕ್ಟೇರಿಗೆ ಒಂದು ಟನ್ ಬರುತ್ತಿದ್ದ ಹೊಲಗಳಲ್ಲಿ ಮೂರು ಟನ್ ದಾಟಿದ್ದು ದಾಖಲಾಗಿದೆ. ಲಕ್ಷಕ್ಕೂ ಹೆಚ್ಚು ಕುಟುಂಬಗಳು ಇದನ್ನು ಅಳವಡಿಸಿಕೊಂಡಿವೆ.

ಇಲ್ಲಿ ಗಮನಿಸಬೇಕಾದ್ದು ಇದೆ. ಡೆಸ್ಮೋಡಿಯಂ ಆಫ್ರಿಕಾದ ಗಿಡವಲ್ಲ, ಅಮೆರಿಕ ಖಂಡದ್ದು. ಮೆಕ್ಕೆಜೋಳವೂ ಅಲ್ಲಿಯದೇ. ಈ ಪದ್ಧತಿ ಅಜ್ಜನ ಕಾಲದ ಜ್ಞಾನವೂ ಅಲ್ಲ, ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ವಾಸನೆಗಳನ್ನು ಅಳೆದು ಕಟ್ಟಿದ್ದು. ಸಾವಯವ ಅಂದರೆ ಹಿಂದಕ್ಕೆ ಹೋಗುವುದು ಎಂದುಕೊಂಡವರು ಎಂಬಿಟಾದ ಹೊಲ ನೋಡಬೇಕು. ಹಾಗೆಂದು ಇದು ಸುಲಭವೂ ಅಲ್ಲ. ಡೆಸ್ಮೋಡಿಯಂ ಬೀಜ ದುಬಾರಿ, ಮೊದಲ ತಿಂಗಳುಗಳಲ್ಲಿ ಎಚ್ಚರದಿಂದ ಕಳೆ ತೆಗೆಯಬೇಕು, ಹಸು ಇಲ್ಲದವರಿಗೆ ಮೇವಿನ ಲಾಭವಿಲ್ಲ.

ಬುರ್ಕಿನಾ ಫಾಸೋದ ಯಾಕುಬಾ ಸವಡೋಗೊ ಮಾಡಿದ್ದು ಇನ್ನೂ ಕಷ್ಟದ ಕೆಲಸ. 1980ರ ದಶಕದ ಬರದಲ್ಲಿ ಯಾಟೆಂಗಾ ಪ್ರಾಂತ್ಯದ ಜನ ಊರು ಬಿಡುತ್ತಿದ್ದಾಗ ಅವರು ಕಲ್ಲಿನಂತೆ ಗಟ್ಟಿಯಾದ ನೆಲದಲ್ಲಿ ಬೇಸಿಗೆಯಲ್ಲೇ ಗುಣಿ ತೋಡಿದರು. ಝಾಯ್ ಎಂಬುದು ಅಲ್ಲಿಯ ಹಳೆಯ ಕ್ರಮ. ಯಾಕುಬಾ ಗುಣಿಯನ್ನು ದೊಡ್ಡದು ಮಾಡಿ, ಒಳಗೆ ಸಗಣಿ, ತರಗು ಹಾಕಿದರು. ಅದಕ್ಕೆ ಗೆದ್ದಲು ಬಂತು, ಗೆದ್ದಲು ಕೊರೆದ ಬಿಲಗಳಲ್ಲಿ ಮಳೆನೀರು ಇಂಗಿತು, ಜೋಳ ಸಜ್ಜೆ ತೆನೆ ಕಟ್ಟಿದವು. ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಹೆಚ್ಚು ಗುಣಿ, ನೂರಾರು ತಾಸುಗಳ ಗುದ್ದಲಿ ಕೆಲಸ. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು. ಸಾವಯವ ಅಗ್ಗ ಎನ್ನುವವರು ಆ ಗುದ್ದಲಿಯ ಕೂಲಿ ಲೆಕ್ಕಕ್ಕೆ ಸೇರಿಸಿರುವುದಿಲ್ಲ.

ಒಂದು ಮಿತಿಯನ್ನು ಮುಚ್ಚಿಡಬಾರದು. ದ್ವಿದಳ ಬೆಳೆ ಗಾಳಿಯಿಂದ ಸಾರಜನಕ ತಂದೀತು, ರಂಜಕ ತರಲಾರದು. ರಂಜಕವೇ ಇಲ್ಲದ ಮಣ್ಣಿನಲ್ಲಿ ಬೆಳೆದ ಹುಲ್ಲಿನಲ್ಲೂ, ಅದನ್ನು ತಿಂದ ಹಸುವಿನ ಸಗಣಿಯಲ್ಲೂ ರಂಜಕ ಕಡಿಮೆಯೇ. ನೈಜರ್‌ನಲ್ಲಿ ಬಾಟಲಿ ಮುಚ್ಚಳದಲ್ಲಿ ಅಳೆದು ಬೀಜದ ಗುಣಿಗೆ ಒಂದೊಂದು ಚಿಟಿಕೆ ರಸಗೊಬ್ಬರ ಹಾಕುವ ಪದ್ಧತಿಯನ್ನು ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಹರಡಿತು. ಅದರಿಂದ ಹಸಿದ ಮಣ್ಣಿಗೆ ಚೈತನ್ಯ ಬರುವುದಾದರೆ ಆ ಚಿಟಿಕೆಯನ್ನು ಪಾಪವೆಂದು ನಾನು ಎಣಿಸಲಾರೆ. ಮಣ್ಣು ಚೇತರಿಸಿಕೊಳ್ಳಲಿ, ಆಮೇಲೆ ಅದನ್ನು ಬಿಡುವ ಯೋಚನೆ ಮಾಡಬಹುದು.

“ಸ್ವಂತ ಧಾನ್ಯ ಬಿಟ್ಟು ಮೆಕ್ಕೆಜೋಳ ಹಿಡಿದದ್ದು ರೈತರ ತಿಳಿಗೇಡಿತನ”

ಮೆಕ್ಕೆಜೋಳ ಆಫ್ರಿಕಾಕ್ಕೆ ಕಾಲಿಟ್ಟದ್ದು 16ನೇ ಶತಮಾನದಲ್ಲಿ. ಪೂರ್ವ ಮತ್ತು ದಕ್ಷಿಣ ಭಾಗಗಳ ಮುಖ್ಯ ಊಟವಾದದ್ದು 20ನೇ ಶತಮಾನದಲ್ಲಿ. ವಸಾಹತು ಕಾಲದ ಗಣಿ ಕಾರ್ಮಿಕರಿಗೆ ಪಡಿಯಾಗಿ ಅದನ್ನೇ ಕೊಟ್ಟರು, ಗಿರಣಿಗಳು ಅದಕ್ಕೇ ಬಂದವು, ಬಿಳಿಯ ರೈತರಿಗಾಗಿ ತಳಿ ಸಂಶೋಧನೆ ಅದರ ಮೇಲೇ ನಡೆಯಿತು. ಸ್ವಾತಂತ್ರ್ಯದ ನಂತರ ಸಬ್ಸಿಡಿಯೂ ಅದಕ್ಕೇ ಹರಿಯಿತು.

ಇಷ್ಟೇ ಆಗಿದ್ದರೆ ದೋಷ ಪೂರ್ತಿ ಸರ್ಕಾರದ್ದು ಎನ್ನಬಹುದಿತ್ತು. ಹೊಲದೊಳಗೂ ಕಾರಣಗಳಿವೆ. ಮೆಕ್ಕೆಜೋಳದ ತೆನೆಗೆ ಸಿಪ್ಪೆಯ ಹೊದಿಕೆ ಇದೆ. ಜೋಳ ಸಜ್ಜೆಯ ಕಾಳು ಬಯಲಿಗೆ ತೆರೆದಿರುತ್ತದೆ. ಕ್ವೆಲಿಯಾ ಎಂಬ ಪುಟ್ಟ ಹಕ್ಕಿ ಲಕ್ಷಗಟ್ಟಲೆ ಹಿಂಡಾಗಿ ಬಂದು ಇಳಿದರೆ ಒಂದೆರಡು ದಿನದಲ್ಲಿ ಹೊಲ ಖಾಲಿ. ಹಿಂದೆ ಮಕ್ಕಳು ಬೆಳಗಿನಿಂದ ಸಂಜೆವರೆಗೆ ಹಕ್ಕಿ ಓಡಿಸುತ್ತಿದ್ದರು. ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಪಶ್ಚಿಮ ಕೆನ್ಯಾ, ಉಗಾಂಡಾಗಳಲ್ಲಿ ರಾಗಿಯನ್ನು ಹೆಚ್ಚಾಗಿ ಚೆಲ್ಲಿ ಬಿತ್ತುತ್ತಾರೆ. ಅದರ ನಡುವೆ ಹುಟ್ಟುವ ಕಾಡು ರಾಗಿ ಎಳೆಯದರಲ್ಲಿ ಬೆಳೆಯ ರಾಗಿಯಂತೆಯೇ ಕಾಣುತ್ತದೆ. ಹೆಂಗಸರು ಸೊಂಟ ಬಗ್ಗಿಸಿ ಒಂದೊಂದೇ ಗಿಡ ನೋಡಿ ಕೀಳಬೇಕು. ಕೊಯ್ಲಿಗೆ ಚಿಕ್ಕ ಚಾಕುವಿನಿಂದ ಒಂದೊಂದೇ ತೆನೆ ಕತ್ತರಿಸಬೇಕು, ಆಮೇಲೆ ಬಡಿದು, ಕೇರಿ, ಕಲ್ಲು ಮಣ್ಣು ಆರಿಸಬೇಕು. ಇಷ್ಟು ದುಡಿಮೆ ಬೇಡುವ ಬೆಳೆಯನ್ನು ಕೈಬಿಟ್ಟ ಹೆಂಗಸನ್ನು ತಿಳಿಗೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ರಾಗಿ ನಮ್ಮಲ್ಲಿ ಉಳಿದದ್ದಕ್ಕೆ ಬರೀ ಅಭಿಮಾನ ಕಾರಣವಲ್ಲ. ಕೂರಿಗೆಯಲ್ಲಿ ಸಾಲಾಗಿ ಬಿತ್ತಿದೆವು, ಎತ್ತು ಕಟ್ಟಿ ಎಡೆಕುಂಟೆ ಹೊಡೆದೆವು, ಗುಂಡಿನಿಂದ ಒಕ್ಕಿದೆವು. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆಫ್ರಿಕಾದ ರಾಗಿಯ ವಂಶ ನಮ್ಮ ಇಳುವರಿಯನ್ನು ಎತ್ತಿತು. ಅದು ಹುಟ್ಟಿದ ನೆಲದಲ್ಲಿ ಅದರ ಮೇಲೆ ಅಷ್ಟು ಶ್ರಮ ಹಾಕುವವರು ಬಹುಕಾಲ ಇರಲಿಲ್ಲ.

“ನಾಟಿ ಬೆಳೆಗೆ ಬರದ ಭಯವಿಲ್ಲ”

ಅರ್ಧ ಸತ್ಯ. 2024ರ ಎಲ್ ನಿನೋ ಬರದಲ್ಲಿ ಜಾಂಬಿಯಾ, ಮಲಾವಿ, ಜಿಂಬಾಬ್ವೆ ರಾಷ್ಟ್ರೀಯ ವಿಪತ್ತು ಘೋಷಿಸಬೇಕಾಯಿತು. ಅಲ್ಲಿಯ ಮುಖ್ಯ ಬೆಳೆ ಮೆಕ್ಕೆಜೋಳ, ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಜೋಳ ಎಲೆ ಸುರುಳಿ ಸುತ್ತಿಕೊಂಡು ಕಾಯುತ್ತದೆ, ಮಳೆ ಬಂದಾಗ ಮತ್ತೆ ಬೆಳೆಯುತ್ತದೆ. ಆದರೆ ಎಲ್ಲ ಸಿರಿಧಾನ್ಯಕ್ಕೂ ಈ ಗುಣ ಒಂದೇ ಸಮ ಇಲ್ಲ. ರಾಗಿ ಸಜ್ಜೆಯಷ್ಟು ಗಟ್ಟಿಗ ಅಲ್ಲ. ತಡೆದುಕೊಳ್ಳುವುದು ಬೇರೆ, ಹೊಟ್ಟೆ ತುಂಬಿಸುವುದು ಬೇರೆ. ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಸೀಮೆಯಲ್ಲಿ ಸಜ್ಜೆಯ ಸರಾಸರಿ ಇಳುವರಿ ಹೆಕ್ಟೇರಿಗೆ ಒಂದು ಟನ್‌ಗಿಂತ ಕಡಿಮೆ.

“ಬಡವರ ಸೊಪ್ಪು, ಬರೀ ಕಳೆ”

ನಮ್ಮ ಗಣಿಕೆ ಸೊಪ್ಪಿನ ಬಳಗದ ಒಂದು ಸೊಪ್ಪು ಕೆನ್ಯಾದಲ್ಲಿ ಮನಗು, ನಮ್ಮ ದಂಟಿನ ಬಳಗದ್ದು ತೆರೆರೆ. ಇವನ್ನು ಕೃಷಿ ಪಾಠದಲ್ಲಿ ಕಳೆ ಎಂದು ಕಲಿಸಿದ್ದರು. ಜೋಮೊ ಕೆನ್ಯಾಟಾ ಕೃಷಿ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಮೇರಿ ಅಬುಕುಟ್ಸಾ ಒನ್ಯಾಂಗೊ ದಶಕಗಟ್ಟಲೆ ಇವುಗಳ ಬೀಜ ಸಂಗ್ರಹಿಸಿ, ಪೋಷಕಾಂಶ ಅಳೆದು, ಬೆಳೆಸುವ ಕ್ರಮ ಬರೆದರು. ಇಂದು ನೈರೋಬಿಯ ಸೂಪರ್ ಮಾರ್ಕೆಟ್‌ಗಳಲ್ಲಿ ಇವು ಕಟ್ಟು ಕಟ್ಟಾಗಿ ಮಾರಾಟವಾಗುತ್ತವೆ.

“ಸಾವಯವ ಸರ್ಟಿಫಿಕೇಟ್ ಸಿಕ್ಕರೆ ಬೆಲೆ ಸಿಕ್ಕಂತೆ”

ಹೊರಗಿನ ಸಂಸ್ಥೆಯ ಪ್ರಮಾಣಪತ್ರದ ಖರ್ಚು ಎರಡು ಎಕರೆಯವನಿಗೆ ಎಟುಕುವುದಿಲ್ಲ. ಅದಕ್ಕೇ ಗುಂಪಾಗಿ ಪಡೆಯುತ್ತಾರೆ, ಅಥವಾ ಊರಿನವರೇ ಪರಸ್ಪರ ಹೊಲ ನೋಡಿ ಖಾತ್ರಿ ಕೊಡುವ ವ್ಯವಸ್ಥೆಗೆ ಸೇರುತ್ತಾರೆ. ಪೂರ್ವ ಆಫ್ರಿಕಾ ದೇಶಗಳು 2007ರಲ್ಲಿ ಒಂದೇ ಸಾವಯವ ಮಾನದಂಡ ಒಪ್ಪಿಕೊಂಡದ್ದರಿಂದ ಕಿಲಿಮೋಹಾಯ್ ಗುರುತಿನಡಿ ಮಾರುವುದು ಸಾಧ್ಯವಾಯಿತು. ಆದರೆ ಬೆಲೆ ನಿಲ್ಲುವುದು ಕೊಳ್ಳುವವನ ಮೇಲೆ. 2015ರ ಕೊನೆಗೆ ನಮ್ಮಲ್ಲಿ ತೊಗರಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿದ ಮೇಲೆ, 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಆಮದಿನ ಒಪ್ಪಂದ ಮಾಡಿಕೊಂಡಿತು. ಅಲ್ಲಿಯೂ ಮಲಾವಿಯಲ್ಲೂ ಸಣ್ಣ ರೈತರು, ಹೆಚ್ಚಿನವರು ರಸಗೊಬ್ಬರವಿಲ್ಲದೆ, ತೊಗರಿ ಬಿತ್ತಿದರು. ಮರುವರ್ಷ ನಮ್ಮಲ್ಲೇ ದಾಖಲೆ ಬೆಳೆ ಬಂತು. 2017ರ ಆಗಸ್ಟಿನಲ್ಲಿ ಭಾರತ ಆಮದಿಗೆ ಮಿತಿ ಹಾಕಿತು. ಕಲಬುರಗಿಯ ರೈತನಿಗೆ ಬೆಂಬಲ ಬೆಲೆ ಸಿಗದ ಕಾಲದಲ್ಲೇ ಅಲ್ಲಿಯ ರೈತನ ತೊಗರಿಗೂ ಬೆಲೆ ಪಾತಾಳ ಸೇರಿತು.

ಪೂರ್ವ ಮತ್ತು ದಕ್ಷಿಣ ಆಫ್ರಿಕಾ ಭಾಗದ ದೇಶಗಳಲ್ಲಿ ಕಾಳು ಕೊಳ್ಳುವ ದೊಡ್ಡ ಕೈಗಳಲ್ಲಿ ಸರ್ಕಾರವೂ ಒಂದು. ಜಾಂಬಿಯಾದ ಆಹಾರ ಮೀಸಲು ಸಂಸ್ಥೆ, ಕೆನ್ಯಾದ ಧಾನ್ಯ ಮಂಡಳಿ, ಮಲಾವಿಯ ಅಡ್‌ಮಾರ್ಕ್ ಮುಖ್ಯವಾಗಿ ಕೊಳ್ಳುವುದು ಮೆಕ್ಕೆಜೋಳವನ್ನು. ಮಾರಾಟದ ಖಾತ್ರಿ ಇರುವ ಬೆಳೆಯನ್ನು ಬಿಟ್ಟು ಬೇರೆಯದನ್ನು ಬಿತ್ತು ಎಂದು ರೈತನಿಗೆ ಉಪದೇಶಿಸುವುದು ಸರಿಯಲ್ಲ. ಕರ್ನಾಟಕ ಸರ್ಕಾರ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಕೊಡಲು ತೊಡಗಿದ ಮೇಲೆ ಖರೀದಿ ಕೇಂದ್ರಗಳ ಮುಂದೆ ರಾಗಿ ಮೂಟೆ ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಲುಸಾಕಾ, ಲಿಲೊಂಗ್ವೆ, ನೈರೋಬಿಗಳ ಗೋದಾಮುಗಳು ಜೋಳ, ಸಜ್ಜೆ, ರಾಗಿಗೂ ಹಾಗೆ ಬಾಗಿಲು ತೆರೆಯಬೇಕು, ಅದರ ಜೊತೆಗೇ ಒಕ್ಕಣೆ ಯಂತ್ರ ಹಳ್ಳಿಗೆ ಬರಬೇಕು.