ಕೋವಿಯ ಮನೆಗೆ ಪಿಸ್ತೂಲು ಬರುವ ಮೊದಲು

"ನಮ್ ಹೆಣ್ಣ್ ಪಿಸ್ತೂಲ್ ಬೇಕ್ ಅಂತ ಹಟ ಮಾಡತ್ತ್ ಮಾರಾಯಾ. ಎಂತ ಮಾಡೂದ್?"

ಕುಂದಾಪುರದ ಶಾಸ್ತ್ರಿ ಸರ್ಕಲ್ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ಹೀಗೆ ಕೇಳಿದವನು ನನ್ನ ಹೈಸ್ಕೂಲು ಸಹಪಾಠಿ. ಹೊಸಂಗಡಿ ಕಡೆಯ ಅಡಿಕೆ ಕೃಷಿಕ. ಮನೆಯಲ್ಲಿ ಅಪ್ಪಯ್ಯನ ಕಾಲದಿಂದ ಬಂದ ಬೆಳೆ ರಕ್ಷಣೆಯ ಕೋವಿಯಿದೆ. ಮಗಳು ಪಿಯುಸಿ ಓದುತ್ತಾಳೆ. ಎನ್‌ಸಿಸಿ ಶಿಬಿರದಲ್ಲಿ ಗುರಿ ಹೊಡೆದು ಬಂದವಳು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪದಕ ಗೆದ್ದದ್ದನ್ನು ಟಿ.ವಿ.ಯಲ್ಲಿ ಕಂಡ ಮೇಲೆ ಬೇರೆ ಮಾತೇ ಆಡುತ್ತಿಲ್ಲವಂತೆ. "ಕೋವಿ ಹ್ಯಾಂಗೂ ಮನೆಯಂಗ್ ಇತ್ತ್. ಅಗ್ಗದ್ದ್ ಒಂದ್ ಪಿಸ್ತೂಲ್ ಯಾವ್ದ್ ಹೇಳ್, ತಕಂಬ" ಎಂದ.

ಬೈಂದೂರು, ಬ್ರಹ್ಮಾವರದ ಕಡೆಯ ಹೆತ್ತವರೂ ಇದೇ ಪ್ರಶ್ನೆಯನ್ನು ನನಗೆ ಕೇಳಿದ್ದುಂಟು. ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ.

ಮೂರು ಬಗೆ, ಮೂರು ಕೆಲಸ

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ನಮ್ಮ ಘಟ್ಟದ ಬುಡದ ಮನೆಗಳಲ್ಲಿರುವುದು ಉದ್ದ ನಳಿಗೆಯ ಕೋವಿ. ಹಂದಿ, ಮಂಗಗಳನ್ನು ಹೆದರಿಸಿ ತೋಟ ಉಳಿಸಿಕೊಳ್ಳುವುದು ಅದರ ಕೆಲಸ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಯ ಪರವಾನಿಗೆಯನ್ನು ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಚುನಾವಣೆ ಬಂದಾಗ ಆ ಕೋವಿಯನ್ನು ಠಾಣೆಗೆ ಒಪ್ಪಿಸುವ ತಾಪತ್ರಯ ಕೃಷಿಕರಿಗೆಲ್ಲ ಗೊತ್ತು.

ಎರಡನೆಯದು ಗುಂಡು ಹಾರಿಸುವ ಪಿಸ್ತೂಲು ಅಥವಾ ರಿವಾಲ್ವರ್. ಮದ್ದಿನಿಂದ ನಡೆಯುವ ಈ ಕೈಬಂದೂಕನ್ನು ತೋಟದ ಕೆಲಸಕ್ಕೆಂದು ಯಾರೂ ಕೊಳ್ಳುವುದಿಲ್ಲ. ನಳಿಗೆ ಗಿಡ್ಡವಾದ್ದರಿಂದ ದೂರದ ಗುರಿಗೆ ಕೋವಿಯಷ್ಟು ಅನುಕೂಲವೂ ಅಲ್ಲ. ಪರವಾನಿಗೆಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು, ಯಾಕೆ ಬೇಕೆಂಬುದಕ್ಕೆ ಒಪ್ಪುವಂಥ ಕಾರಣ ಇರಬೇಕು. 21 ವರ್ಷ ತುಂಬದವರು ಇದನ್ನು ಸ್ವಂತಕ್ಕೆ ಹೊಂದುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬ ಸಾಮಾನ್ಯ ಪರವಾನಿಗೆದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಬೆಲೆಯೂ ಅಗ್ಗವಲ್ಲ. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದು ಹೊರತಂದ 'ನಿರ್ಭೀಕ್' ರಿವಾಲ್ವರಿಗೆ ಆಗಲೇ ಸುಮಾರು 1.22 ಲಕ್ಷ ರೂಪಾಯಿ ಇತ್ತು.

ಮೂರನೆಯದು ಗಾಳಿಯ ಒತ್ತಡದಿಂದ ನಡೆಯುವ ಏರ್ ಪಿಸ್ತೂಲು. ಮನು ಭಾಕರ್ ಕೈಯಲ್ಲಿದ್ದದ್ದು ಇದೇ. ಕರ್ನಾಟಕದವರಿಗೂ ಇದು ಹೊಸತಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ವಿಶ್ವಕಪ್‌ನಲ್ಲಿ ಕಂಚನ್ನೂ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿಯನ್ನೂ ಗೆದ್ದದ್ದು ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ತಂಡ ವಿಭಾಗದಲ್ಲಿ ಬೆಳ್ಳಿ ತಂದರು.

ನನ್ನ ಗೆಳೆಯನ ಮಗಳಿಗೆ ಬೇಕಾದದ್ದು ಈ ಮೂರನೆಯದು. ಅಂದರೆ ಇದು ಮನೆಯ ಕೋವಿಗೆ ಜೊತೆಯಲ್ಲ, ಆಟದ ಸಾಮಾನು. ಆದರೆ ಆಟಿಕೆಯಲ್ಲ.

ಐದು ಜೂಲ್ ಎಂದರೆ ಎಷ್ಟು?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗಳಿಗೆ ಪರವಾನಿಗೆ ಬೇಡ. ವಿದ್ಯಾರ್ಥಿಗಳು ಇಲ್ಲಿ ಪುಸ್ತಕ ತೆರೆಯಬಹುದು. ಚಲನಶಕ್ತಿ ಎಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದ್ದು. ಸ್ಪರ್ಧೆಯ ಸೀಸದ ಪೆಲೆಟ್ ಸುಮಾರು ಅರ್ಧ ಗ್ರಾಂ. ವೇಗ ಸೆಕೆಂಡಿಗೆ 150 ಮೀಟರ್ ಎಂದಿಟ್ಟುಕೊಂಡರೆ ಲೆಕ್ಕ 5.6 ಜೂಲಿಗೆ ಬರುತ್ತದೆ. ಎಂಟು ಗ್ರಾಂ ತೂಕದ ಪಿಸ್ತೂಲು ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಟರೆ 500 ಜೂಲ್ ದಾಟುತ್ತದೆ.

ಐದು ಜೂಲ್ ಎಂದರೆ ಒಂದು ಕಿಲೋ ತೆಂಗಿನಕಾಯಿ ಅರ್ಧ ಮೀಟರಿನಿಂದ ಬಿದ್ದಷ್ಟು. "ಇಷ್ಟೆಯಾ?" ಎಂದು ಮಕ್ಕಳು ನಗುತ್ತಾರೆ. ತೆಂಗಿನಕಾಯಿಯ ಹೊಡೆತ ಅಗಲಕ್ಕೆ ಹಂಚಿಹೋಗುತ್ತದೆ. ಪೆಲೆಟಿನ ಶಕ್ತಿ ಹೆಸರುಕಾಳಿನಷ್ಟು ಜಾಗದಲ್ಲಿ ನಿಲ್ಲುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ನೋಯದ ಕೈಗೆ ಅದೇ ಬಲದಲ್ಲಿ ಸೂಜಿ ಒತ್ತಿದರೆ ರಕ್ತ ಬರುವುದಿಲ್ಲವೇ? ಕಣ್ಣಿಗಂತೂ ಐದು ಜೂಲ್ ಧಾರಾಳ ಸಾಕು.

ಇದನ್ನು ನಾನು ಕಲಿತದ್ದು ಬಿ.ಎಸ್ಸಿ. ತರಗತಿಯಲ್ಲಲ್ಲ. ಒಂಬತ್ತನೆಯ ತರಗತಿಯಲ್ಲಿದ್ದಾಗ ನೆಂಟರ ಮನೆಯ ಏರ್‌ಗನ್ ಎರಡು ದಿನದ ಮಟ್ಟಿಗೆ ನಮ್ಮ ಕೈಗೆ ಬಂದಿತ್ತು. ಅಂಗಳದ ಕಲ್ಲಿನ ಕಟ್ಟೆಯ ಮೇಲೆ ಬೆಂಕಿಪೊಟ್ಟಣ ಇಟ್ಟು ಹೊಡೆಯುತ್ತಿದ್ದೆವು. ಟ್ರಿಗರ್ ಎಳೆದವನು ನಾನು. ಪೆಲೆಟ್ ಪೊಟ್ಟಣಕ್ಕೆ ತಾಗಲಿಲ್ಲ. ಕಲ್ಲಿಗೆ ಬಡಿದು ತಿರುಗಿ ಪಕ್ಕದಲ್ಲಿ ನಿಂತವನ ಹುಬ್ಬಿಗೆ ಬಂತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಮನೆಯಲ್ಲಿ ಮರದಿಂದ ಬಿದ್ದದ್ದೆಂದು ಅವನು ಸುಳ್ಳು ಹೇಳಿ ನನ್ನನ್ನು ಉಳಿಸಿದ. ಶಾಸ್ತ್ರಿ ಸರ್ಕಲ್‌ನಲ್ಲಿ ಪಿಸ್ತೂಲಿನ ಮಾತೆತ್ತಿದವನು ಅವನೇ. ಬಲಹುಬ್ಬಿನ ಮೇಲೆ ಗುರುತು ಈಗಲೂ ಇದೆ. ಅದಕ್ಕೇ ನಾನು ಅವನಿಗೆ ಹಗುರವಾಗಿ ಉತ್ತರ ಕೊಡಲಾರದೆ ಹೋದೆ.

ಕೊಳ್ಳುವುದಾದರೆ

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಪಿಸ್ತೂಲನ್ನು ಮೊದಲು ಕೊಳ್ಳಬೇಡಿ, ಕೊನೆಗೆ ಕೊಳ್ಳಿ. ಮೊದಲು ತರಬೇತಿ ಇರುವ ಶೂಟಿಂಗ್ ಕ್ಲಬ್ ಹುಡುಕಿ, ಅಲ್ಲಿಯ ಪಿಸ್ತೂಲಿನಲ್ಲೇ ನಾಲ್ಕಾರು ತಿಂಗಳು ಕಲಿಯಲಿ. ಮಗುವಿಗೆ ಈ ಆಟ ನಿಜಕ್ಕೂ ಹಿಡಿಸುತ್ತದೆಯೇ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಹಿಡಿಸದಿದ್ದರೆ ನಿಮ್ಮ ದುಡ್ಡು ಉಳಿಯಿತು.

ಅಂಗಡಿಯಲ್ಲಿ ಕೆಲವೇ ಸಾವಿರ ರೂಪಾಯಿಗೆ ಸ್ಪ್ರಿಂಗಿನ ಪಿಸ್ತೂಲುಗಳು ಸಿಗುತ್ತವೆ. ಟ್ರಿಗರ್ ಒರಟು, ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಕೈಯೇ ಅಲುಗುತ್ತದೆ. ಕಲಿಯುವವರು ತಮ್ಮ ತಪ್ಪು ಯಾವುದು, ಪಿಸ್ತೂಲಿನ ತಪ್ಪು ಯಾವುದು ಎಂದು ತಿಳಿಯದೆ ಒದ್ದಾಡುತ್ತಾರೆ. ಸ್ಪರ್ಧೆಯ ವಿದೇಶಿ ಪಿಸ್ತೂಲುಗಳು ಲಕ್ಷ ದಾಟುತ್ತವೆ. ದುಬಾರಿಯಾದ ಮಾತ್ರಕ್ಕೆ ಕೈಕೊಡುವುದಿಲ್ಲ ಎಂದೂ ಇಲ್ಲ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು, ಅವರು ಫೈನಲ್ ತಲುಪಲಿಲ್ಲ.

ನಡುದಾರಿ ಎಂದರೆ ಸೆಕೆಂಡ್ ಹ್ಯಾಂಡ್. ಇಲ್ಲಿ ನಾಲ್ಕು ಸಂಗತಿ ನೋಡಿ.

ಒಂದು, ಸಿಲಿಂಡರ್. ಅದರಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಕಾರಿನ ಟಯರಿನಲ್ಲಿ ಇರುವುದು ಎರಡು ಚಿಲ್ಲರೆ. ಸಿಲಿಂಡರಿನ ಮೇಲೆ ಅವಧಿಯ ದಿನಾಂಕ ಇರುತ್ತದೆ. ಸ್ಪರ್ಧೆಯ ನಿಯಮದಲ್ಲಿ ಹತ್ತು ವರ್ಷವೇ ಗರಿಷ್ಠ. ಅವಧಿ ಮುಗಿದದ್ದು ಎಷ್ಟು ಅಗ್ಗವಾದರೂ ಬೇಡ.

ಎರಡು, ಹಿಡಿ. ಮಗುವಿನ ಅಂಗೈ ಅಳತೆಗೆ ಕೂಡಬೇಕು. ಎಡಗೈಯವರಿಗೆ ಹಿಡಿ ಬೇರೆಯೇ.

ಮೂರು, ಟ್ರಿಗರ್. ನಿಯಮದಂತೆ ಅದು ಕನಿಷ್ಠ 500 ಗ್ರಾಂ ತೂಕವನ್ನು ಎತ್ತಿ ಹಿಡಿಯಬೇಕು. ಅದಕ್ಕಿಂತ ಹಗುರ ಮಾಡಿದ್ದು ಅಪಾಯ, ಸ್ಪರ್ಧೆಗೂ ನಡೆಯದು.

ನಾಲ್ಕು, ಬಿಡಿಭಾಗ. ಒಂದು ರಬ್ಬರ್ ಸೀಲ್ ಹೋದರೆ ರಿಪೇರಿ ಎಲ್ಲಿ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ. ತರಬೇತುದಾರರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡುವುದೇ ಕ್ಷೇಮ.

ಬೆಲೆಯ ಜೊತೆಗೆ ಪೆಲೆಟ್, ಗುರಿಹಾಳೆ, ಕನ್ನಡಕ, ಕ್ಲಬ್ಬಿನ ಶುಲ್ಕ, ಬಸ್ಸಿನ ಖರ್ಚು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ವರ್ಷದ ಲೆಕ್ಕ ಮಾಡಿ. ಆಗ ಅಗ್ಗ ಯಾವುದೆಂದು ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ

ಕೋವಿ ಇರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಎರಡಕ್ಕೂ ಬೇರೆ ಬೇರೆ ಬೀಗ, ಬೀಗದ ಕೈ ಹಿರಿಯರ ಬಳಿ. ಪೆಲೆಟ್, ತೋಟೆಗಳು ಇನ್ನೊಂದು ಕಡೆ. ಖಾಲಿ ಎಂದು ಯಾರು ಹೇಳಿದರೂ ತುಂಬಿದೆ ಎಂದೇ ತಿಳಿಯಬೇಕು. ಜನರತ್ತ ಎಂದೂ ಹಿಡಿಯಬಾರದು. ನಮ್ಮ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಒರೆಸಿ ಒಣಗಿಸಿಡುವುದೂ ಕಲಿಕೆಯ ಭಾಗ.

ಪರವಾನಿಗೆ ಬೇಡದ ಪಿಸ್ತೂಲೆಂದು ತೋಟದ ನವಿಲಿಗೋ ಮಂಗಕ್ಕೋ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಿಡುವುದಿಲ್ಲ. ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯದ ಅಂಚಿನ ಹಳ್ಳಿಗಳ ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿಡಬೇಕು.

ಗೆಳೆಯ ಎಲ್ಲ ಕೇಳಿ, "ಹಾಂಗಾರೆ ಈಗ ಅದಕ್ಕೆ ಎಂತ ಕೊಡೂದ್?" ಎಂದ. ಒಂದು ಲೀಟರಿನ ನೀರಿನ ಬಾಟಲಿ ಕೊಡು ಎಂದೆ. ನೀರು ತುಂಬಿದರೆ ಒಂದು ಕಿಲೋ. ಸ್ಪರ್ಧೆಯ ಪಿಸ್ತೂಲಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ತೋಳು ಚಾಚಿ, ಒಂದೇ ಕೈಯಲ್ಲಿ, ಅಲುಗದೆ ಹಿಡಿಯಲಿ. ಸ್ಪರ್ಧೆಯಲ್ಲಿ 75 ನಿಮಿಷಗಳೊಳಗೆ 60 ಬಾರಿ ಹೀಗೆ ಕೈ ಎತ್ತಬೇಕಾಗುತ್ತದೆ.

ಮೊನ್ನೆ ಫೋನ್ ಮಾಡಿದ್ದ. ಎರಡು ತಿಂಗಳಾಯಿತು, ದಿನಾ ಬೆಳಿಗ್ಗೆ ಜಗಲಿಯಲ್ಲಿ ಬಾಟಲಿ ಹಿಡಿದು ನಿಲ್ಲುತ್ತಾಳಂತೆ. ರಜೆಯಲ್ಲಿ ಮಂಗಳೂರಿನಲ್ಲಿ ತರಬೇತಿಗೆ ವಿಚಾರಿಸುತ್ತಿದ್ದಾರೆ. ಪಿಸ್ತೂಲಿನ ಮಾತು ಸದ್ಯಕ್ಕೆ ಇಲ್ಲ. ಬಂದಾಗ ಯಾವುದನ್ನು ಕೊಳ್ಳಬೇಕೆಂದು ಆ ಹುಡುಗಿಯೇ ಅಪ್ಪನಿಗೆ ಹೇಳಿಯಾಳು.